ಹತ್ತನೇ ಪದ

ಮುಂಬಯಿ ವಿಮಾನ ನಿಲ್ದಾಣದ ಬಾಗಿಲಲ್ಲಿ ನಮ್ಮನ್ನು ಮೊದಲ ಸಲ ಎಣಿಸಿದರು. ಒಂದು, ಎರಡು, ಮೂರು ಅಂತ ಅಲ್ಲ. ನಮ್ಮ ತಂಡವನ್ನು ಕರೆದುಕೊಂಡು ಹೊರಟಿದ್ದ ದೀದಿ ಒಬ್ಬೊಬ್ಬರ ಮುಖ ನೋಡುತ್ತಾ ಒಂದೊಂದು ಹೀಬ್ರೂ ಪದ ಹೇಳುತ್ತಾ ಹೋದರು. ಹೋಶಿಯಾ. ಎತ್. ಅಮ್ಮೇಖಾ. ನಾನು ನಾಲ್ಕನೆಯವಳಾಗಿ ನಿಂತಿದ್ದೆ. ನನ್ನ ಪಾಲಿಗೆ ಬಂದ ಪದ 'ಉವಾರೇಖ್'. 'ಹರಸು' ಅಂತ ಅರ್ಥ. ಕೊನೆಗೆ ತಮ್ಮ ಎದೆಯ ಮೇಲೇ ಕೈ ಇಟ್ಟುಕೊಂಡು 'ಅದ್' ಅಂದು ನಿಲ್ಲಿಸಿದರು. ನಾವು ಎಂಟು ಮಂದಿ ಹುಡುಗ ಹುಡುಗಿಯರು, ದೀದಿ ಒಬ್ಬರು. ಒಟ್ಟು ಒಂಬತ್ತು.

ನಮ್ಮ ಯಹೂದಿಗಳಲ್ಲಿ ಮನುಷ್ಯರನ್ನು ಸಂಖ್ಯೆಯಿಂದ ಎಣಿಸಬಾರದು ಅನ್ನುವ ಹಳೆಯ ನಂಬಿಕೆ ಇದೆ. ದಾವೀದ ರಾಜ ಒಮ್ಮೆ ಜನಗಣತಿ ಮಾಡಿಸಿದ್ದಕ್ಕೆ ದೇಶಕ್ಕೇ ಪಿಡುಗು ಬಂದು 70,000 ಜನ ಸತ್ತರು ಅಂತ ಬೈಬಲ್ಲಿನಲ್ಲಿ ಕಥೆ ಇದೆ. ಆದರೆ ಎಣಿಸದೆ ಇರುವುದಕ್ಕೂ ಆಗುವುದಿಲ್ಲ, ಅಲ್ವಾ? ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಬೇಕೇ ಬೇಕು. ಆ ಹತ್ತರ ಕೂಟಕ್ಕೆ ಮಿನ್ಯಾನ್ ಅನ್ನುತ್ತೇವೆ. ಹಾಗಾಗಿ 28ನೇ ಕೀರ್ತನೆಯ ಕೊನೆಯ ಸಾಲನ್ನು ಹೇಳುತ್ತಾರೆ. ಹೀಬ್ರೂದಲ್ಲಿ ಅದರಲ್ಲಿ ಸರಿಯಾಗಿ ಹತ್ತು ಪದ. ಒಬ್ಬೊಬ್ಬರಿಗೆ ಒಂದೊಂದು ಪದ. ಸಾಲು ಮುಗಿದರೆ ಹತ್ತು ಜನ ಸೇರಿದರು ಅಂತ ಲೆಕ್ಕ. 'ನಿನ್ನ ಜನರನ್ನು ಕಾಪಾಡು, ನಿನ್ನ ಸ್ವತ್ತನ್ನು ಹರಸು, ಅವರನ್ನು ಮೇಯಿಸು, ಎಂದೆಂದಿನ ತನಕ ಎತ್ತಿಕೊಂಡು ನಡೆ' ಅನ್ನುವುದು ಆ ಸಾಲು.

ಕನ್ನಡದಲ್ಲಿ 'ಎಂದೆಂದಿನ ತನಕ' ಅಂದರೆ 'ತನಕ' ಆಮೇಲೆ ಬರುತ್ತದೆ. ಹೀಬ್ರೂದಲ್ಲಿ ಅದು ಮೊದಲು ಬರುತ್ತದೆ. 'ಅದ್' ಅಂದರೆ ತನಕ. 'ಹಾಓಲಾಮ್' ಅಂದರೆ ಎಂದೆಂದು. ಒಂಬತ್ತು ಜನರಿಗೆ ಒಂಬತ್ತೇ ಪದ. ಹಾಗಾಗಿ ಬಸ್ಸು ಹತ್ತುವಾಗ, ಊಟಕ್ಕೆ ಕೂರುವಾಗ, ರಸ್ತೆ ದಾಟಿದ ಮೇಲೆ ನಮ್ಮ ಎಣಿಕೆ ಪ್ರತಿ ಸಲ 'ತನಕ' ಅನ್ನುವಲ್ಲಿಗೆ ನಿಂತುಬಿಡುತ್ತಿತ್ತು. ಯಾವುದರ ತನಕ ಅಂತ ಹೇಳುವುದಕ್ಕೆ ಹತ್ತನೆಯವರು ಇರಲಿಲ್ಲ.

ನಾನು ಹುಬ್ಬಳ್ಳಿಯವಳು. ನಾವು ಬೆನೆ ಇಸ್ರೇಲ್ ಯಹೂದಿಗಳು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ. ನಮ್ಮ ಹಿರಿಯರು ಎಷ್ಟೋ ಶತಮಾನಗಳ ಹಿಂದೆ ಹಡಗು ಒಡೆದು ಕೊಂಕಣ ತೀರದಲ್ಲಿ, ಅಲಿಬಾಗ್ ಹತ್ತಿರದ ನವಗಾಂವ್‌ನಲ್ಲಿ ದಡ ಸೇರಿದರು ಅನ್ನುವುದು ನಮ್ಮವರು ಹೇಳಿಕೊಂಡು ಬಂದ ಕಥೆ. ಏಳು ಗಂಡಸರು, ಏಳು ಹೆಂಗಸರು ಉಳಿದರಂತೆ. ಆಮೇಲೆ ಗಾಣದ ಎಣ್ಣೆ ತೆಗೆದು ಬದುಕಿದರು. ಶನಿವಾರ ನಮಗೆ ಶಬ್ಬಾತ್, ಕೆಲಸ ಬಿಡುವ ದಿನ. ಅವತ್ತು ಗಾಣ ನಿಲ್ಲಿಸುತ್ತಿದ್ದರಿಂದ ಊರವರು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಅಂತ ಕರೆದರು. ಬ್ರಿಟಿಷರ ಕಾಲದಲ್ಲಿ ನಮ್ಮವರು ಸೈನ್ಯಕ್ಕೆ, ಅಂಚೆಗೆ, ರೈಲ್ವೆಗೆ ಸೇರಿದರು. ನಮ್ಮ ಆಜೋಬಾ, ಅಂದರೆ ಅಜ್ಜ, ಹುಬ್ಬಳ್ಳಿಗೆ ಬಂದದ್ದು ರೈಲ್ವೆ ವರ್ಕ್‌ಶಾಪಿನ ಕೆಲಸಕ್ಕೆ. ಅವರು ಬಂದಾಗ ಇಲ್ಲಿ ನಮ್ಮವರ ನಾಲ್ಕೈದು ಮನೆ ಇದ್ದವಂತೆ. ಒಬ್ಬೊಬ್ಬರಾಗಿ ಮುಂಬಯಿಗೆ, ಅಲ್ಲಿಂದ ಇಸ್ರೇಲಿಗೆ ಹೋದರು. ಈಗ ಉಳಿದಿರುವುದು ನಮ್ಮದೊಂದೇ ಮನೆ. ಆಜೋಬಾ, ಆಜಿ, ಅಪ್ಪ ಅಂದರೆ ಬಾಬಾ, ಅಮ್ಮ ಅಂದರೆ ಆಯಿ, ನಾನು, ತಮ್ಮ. ಆರು ಜನ.

ಓಣಿಯಲ್ಲಿ ಬಾಳ ವರ್ಷ ನಮ್ಮನ್ನು ಕ್ರಿಶ್ಚಿಯನ್ನರು ಅಂದುಕೊಂಡಿದ್ದರು. ಎದುರು ಮನೆ ಅಮ್ಮ ನನಗೆ ಪ್ರತಿ ಡಿಸೆಂಬರಿನಲ್ಲಿ ಪ್ರೀತಿಯಿಂದ ಕೇಕ್ ಕೊಡುತ್ತಿದ್ದರು. ಅವರಿಗೆ ತಿಳಿಸಿ ಹೇಳಲು ಆಯಿಗೆ ಮನಸ್ಸು ಬರುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಹೊಡೆದ ಮೆಝುಝಾವನ್ನು, ಅದರೊಳಗೆ ಸುರುಳಿ ಸುತ್ತಿಟ್ಟ ಚರ್ಮದ ಬರಹವನ್ನು, ತಾಯತ ಅಂದುಕೊಂಡವರೂ ಇದ್ದಾರೆ. ಯಾರೂ ನಮಗೆ ಒಂದು ಕೆಟ್ಟ ಮಾತು ಆಡಿಲ್ಲ. ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಶಾಲೆಯ ಅರ್ಜಿಯಲ್ಲಿ ಧರ್ಮದ ಮುಂದೆ 'ಇತರೆ' ಅಂತ ಬರೆಯುವಾಗ ಪ್ರತಿ ಸಲ ಏನೋ ಒಂದು ಅನಿಸುತ್ತಿತ್ತು.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ನನ್ನ ಅಜ್ಜನ ತಾಯಿ ತೀರಿಕೊಂಡದ್ದು ಹುಬ್ಬಳ್ಳಿಯಲ್ಲಿ. ಸತ್ತವರ ಹೆಸರಲ್ಲಿ ಮಗ ಹೇಳುವ ಕದ್ದಿಶ್ ಅನ್ನುವ ಪ್ರಾರ್ಥನೆ ಇದೆ. ಅದನ್ನು ಒಬ್ಬನೇ ಕೂತು ಹೇಳುವ ಹಾಗಿಲ್ಲ. ಹತ್ತು ಜನ ಸುತ್ತ ಇರಬೇಕು, 'ಆಮೆನ್' ಅನ್ನಬೇಕು. ಹುಬ್ಬಳ್ಳಿಯಲ್ಲಿ ಹತ್ತು ಜನ ಎಲ್ಲಿಂದ ತರುವುದು? ಆಜೋಬಾ ಆ ವರ್ಷವಿಡೀ ರಜೆ ಸಿಕ್ಕಾಗಲೆಲ್ಲ ರಾತ್ರಿ ರೈಲು ಹತ್ತಿ ಪುಣೆಗೆ ಹೋಗಿ, ಬೆಳಿಗ್ಗೆ ಕದ್ದಿಶ್ ಹೇಳಿ, ಮತ್ತೆ ರಾತ್ರಿ ರೈಲಿಗೆ ವಾಪಸ್ ಬರುತ್ತಿದ್ದರು. ನಾನು ಆಗ ಹುಟ್ಟಿರಲಿಲ್ಲ. ಆದರೂ ಈ ಕಥೆ ಕೇಳಿ ಕೇಳಿ, ಆ ರೈಲಿನಲ್ಲಿ ಕಿಟಕಿ ಪಕ್ಕ ಕೂತ ಆಜೋಬಾ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಾರೆ.

ನಾವು ಹೊರಟಿದ್ದು ಹಂಗೇರಿಗೆ. ಅಲ್ಲಿ ಸರ್ವಶ್ ಅಂತ ಒಂದು ಸಣ್ಣ ಊರು. ಆ ಹೆಸರಿಗೆ ಅವರ ಭಾಷೆಯಲ್ಲಿ ಸಾರಂಗ ಅಂತ ಅರ್ಥ. ಕೊರೊಶ್ ನದಿಯ ದಂಡೆಯಲ್ಲಿ 1990ರಿಂದ ಪ್ರತಿ ಬೇಸಿಗೆ ಯಹೂದಿ ಮಕ್ಕಳ ಶಿಬಿರ ನಡೆಯುತ್ತದೆ. ಪೂರ್ವ ಯುರೋಪಿನಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ, ತಾವು ಯಹೂದಿ ಅಂತಲೇ ಗೊತ್ತಿಲ್ಲದೆ ಬೆಳೆದ ಮಕ್ಕಳಿಗಾಗಿ ಅದು ಶುರುವಾಯಿತು. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಹೆದರಿ ಆ ಮಾತನ್ನೇ ಎತ್ತಿರಲಿಲ್ಲವಂತೆ. ಈಗ 25ಕ್ಕೂ ಹೆಚ್ಚು ದೇಶಗಳಿಂದ ಮಕ್ಕಳು ಬರುತ್ತಾರೆ. ಒಂದೊಂದು ತಂಡಕ್ಕೆ 12 ದಿನ. ನಮ್ಮಂಥ 16, 17 ವರ್ಷದವರಿಗೆ ಜೊತೆಗೆ ಮುಂದಾಳತ್ವದ ಪಾಠವೂ ಇತ್ತು. ಅಲ್ಲಿ ಮುಂದಾಳಿಗೆ ಮದ್ರೀಖ್ ಅನ್ನುತ್ತಾರೆ, ಹುಡುಗಿಯಾದರೆ ಮದ್ರಿಖಾ. ಹೀಬ್ರೂದಲ್ಲಿ 'ದೆರೆಖ್' ಅಂದರೆ ದಾರಿ. ಮದ್ರೀಖ್ ಅಂದರೆ ದಾರಿ ತೋರುವವನು. ನನಗೆ ಆ ಪದ ಇಷ್ಟವಾಯಿತು. ನಾಯಕಿ ಅಂದರೆ ಎಲ್ಲರ ಮುಂದೆ ನಿಂತು ಭಾಷಣ ಮಾಡಬೇಕು ಅನಿಸುತ್ತದೆ. ದಾರಿ ಹೇಳುವವರು ರಸ್ತೆ ಬದಿಯಲ್ಲಿ ಕೂತಿದ್ದರೂ ಸಾಕು.

ಶಿಬಿರಕ್ಕೆ ಮೊದಲು ಬುಡಾಪೆಸ್ಟ್‌ನಲ್ಲಿ ಎರಡು ದಿನ ಇದ್ದೆವು.

ದೊಹಾನಿ ಬೀದಿಯ ಸಿನಗಾಗ್, ಅಂದರೆ ನಮ್ಮ ಪ್ರಾರ್ಥನಾ ಮಂದಿರ, ಯುರೋಪಿನಲ್ಲೇ ದೊಡ್ಡದು. 1859ರಲ್ಲಿ ಕಟ್ಟಿದ್ದು, ಸುಮಾರು 3,000 ಜನ ಕೂರಬಹುದು. ಕತ್ತೆತ್ತಿ ನೋಡುತ್ತಾ ನಿಂತಾಗ ನನಗೆ ಬಂದದ್ದು ಒಂದೇ ಯೋಚನೆ: ಇಷ್ಟು ಕುರ್ಚಿ ಮಾಡಿಸಬೇಕಾದರೆ ಇಲ್ಲಿ ಎಷ್ಟು ಜನ ಇದ್ದಿರಬೇಕು! ಪಕ್ಕದ ಅಂಗಳಕ್ಕೆ ಬಂದರೆ ಸಾಲು ಸಾಲು ಸಮಾಧಿ. ನಮ್ಮಲ್ಲಿ ಸಿನಗಾಗ್ ಅಂಗಳದಲ್ಲಿ ಹೂಳುವ ಪದ್ಧತಿ ಇಲ್ಲ. 1944-45ರ ಚಳಿಗಾಲದಲ್ಲಿ ಆ ಓಣಿಗಳನ್ನೇ ಗೋಡೆ ಕಟ್ಟಿ ಘೆಟ್ಟೋ, ಅಂದರೆ ಯಹೂದಿಗಳನ್ನು ಕೂಡಿಹಾಕುವ ಕೇರಿ, ಮಾಡಿದ್ದರು. ಸುಮಾರು 70,000 ಜನರನ್ನು ಅದರೊಳಗೆ ತುಂಬಿದ್ದರು. ಹಸಿವು, ಚಳಿ, ರೋಗದಿಂದ ಸತ್ತವರನ್ನು ಹೊರಗೆ ಒಯ್ಯಲು ಆಗದೆ ಅಲ್ಲೇ ಹೂಳಿದರು. ಆ ಅಂಗಳದಲ್ಲಿ 2,000ಕ್ಕೂ ಹೆಚ್ಚು ಜನ ಇದ್ದಾರೆ. ಹಿಂದುಗಡೆ ಲೋಹದ ಒಂದು ಮರ ಇದೆ. ಜೋಲುಬಿದ್ದ ಕೊಂಬೆಗಳು. ಎಲೆಗಳ ಮೇಲೆ ಹೆಸರು ಕೊರೆದಿದ್ದಾರೆ. ಗಾಳಿ ಬಂದರೆ ಎಲೆಗಳು ಸಣ್ಣಗೆ ಸದ್ದು ಮಾಡುತ್ತವೆ.

ಅಲ್ಲಿ ಮಾರ್ಗದರ್ಶಕರು ಹೇಳಿದ ಒಂದು ಸಂಖ್ಯೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. 1944ರ ಮೇ ನಡುವಿನಿಂದ ಜುಲೈ ಎರಡನೇ ವಾರದೊಳಗೆ, ಎಂಟೇ ವಾರದಲ್ಲಿ, ಹಂಗೇರಿಯ ಊರು ಹಳ್ಳಿಗಳಿಂದ ಸುಮಾರು 4,37,000 ಯಹೂದಿಗಳನ್ನು ರೈಲಿನಲ್ಲಿ ತುಂಬಿ ಕಳಿಸಿದರು. ಹೆಚ್ಚುಕಮ್ಮಿ ಎಲ್ಲರನ್ನೂ ನಾಜಿಗಳ ಸಾವಿನ ಶಿಬಿರ ಆಷ್‌ವಿಟ್ಸ್‌ಗೆ. ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂದರೆ, ಕಳಿಸಿದವರೇ ಲೆಕ್ಕ ಬರೆದಿಟ್ಟಿದ್ದರು. ಯಾವ ಊರಿಂದ ಎಷ್ಟು ರೈಲು, ರೈಲಿಗೆ ಎಷ್ಟು ಜನ.

ನಾನು ರೈಲ್ವೆ ಮನೆಯ ಹುಡುಗಿ. ನಮ್ಮ ಮನೆಯಲ್ಲಿ ರೈಲು ಅಂದರೆ ಅನ್ನ ಕೊಟ್ಟ ದೇವರು. ಗೂಡ್ಸ್ ಡಬ್ಬಿಯ ಕಬ್ಬಿಣದ ಬಾಗಿಲು ಎಳೆದರೆ ಎಂಥಾ ಸದ್ದು ಬರುತ್ತದೆ ಅಂತ ನನಗೆ ಚಿಕ್ಕಂದಿನಿಂದ ಗೊತ್ತು. ಆ ಅಂಗಳದಲ್ಲಿ ನಿಂತಾಗ ಆ ಸದ್ದೇ ಕೇಳಿಸಿತು. ಮನುಷ್ಯರನ್ನು ಸಂಖ್ಯೆಯಿಂದ ಎಣಿಸಬೇಡಿ ಅಂತ ನಮ್ಮ ಹಿರಿಯರು ಯಾಕೆ ಹೇಳಿದರು ಅಂತ ಆವರೆಗೆ ನಾನು ಯೋಚನೆಯೇ ಮಾಡಿರಲಿಲ್ಲ. ಸುಮ್ನೆ ಒಂದು ಮಡಿ ಅಂದುಕೊಂಡಿದ್ದೆ.

ಸಂಜೆ ಡ್ಯಾನ್ಯೂಬ್ ನದಿಯ ದಂಡೆಗೆ ಹೋದೆವು. ಪಾರ್ಲಿಮೆಂಟಿನಿಂದ ಸ್ವಲ್ಪವೇ ದೂರ. ಕಲ್ಲಿನ ಅಂಚಿನ ಮೇಲೆ ಕಬ್ಬಿಣದ ಚಪ್ಪಲಿ, ಬೂಟುಗಳ ಸಾಲು. 60 ಜೊತೆ. ಆರೋ ಕ್ರಾಸ್ ಅನ್ನುವ, ನಾಜಿಗಳ ಜೊತೆಗಿದ್ದ ಹಂಗೇರಿಯ ಪಕ್ಷದವರು ಯಹೂದಿಗಳನ್ನು ಇಲ್ಲಿ ಸಾಲಾಗಿ ನಿಲ್ಲಿಸಿ, ಕಾಲಿನದನ್ನು ಬಿಚ್ಚಿಸಿ, ಗುಂಡು ಹೊಡೆದು ನದಿಗೆ ಕೆಡವುತ್ತಿದ್ದರು. ಆ ಕಾಲದಲ್ಲಿ ಬೂಟಿಗೆ ಬೆಲೆ ಇತ್ತು. ಅದಕ್ಕೆ ಬಿಚ್ಚಿಸುತ್ತಿದ್ದರು. 2005ರಲ್ಲಿ ಈ ಸ್ಮಾರಕ ಮಾಡಿದರು.

ನಾನು ಒಂದರ ಮುಂದೆ ಕೂತೆ. ಮಗುವಿನದು. ನನ್ನ ಅಂಗೈಗಿಂತ ಸ್ವಲ್ಪ ಉದ್ದ, ಅಷ್ಟೇ. ಹಿಮ್ಮಡಿ ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು, ಮಕ್ಕಳು ಅವಸರದಲ್ಲಿ ಕಾಲು ತೂರಿಸಿದಾಗ ಮಡಚಿಕೊಳ್ಳುವ ಹಾಗೆ. ಕಬ್ಬಿಣ ತುಕ್ಕು ಹಿಡಿದು ಜಂಬಿಟ್ಟಿಗೆ ಕಲ್ಲಿನ ಬಣ್ಣಕ್ಕೆ ಬಂದಿತ್ತು. ಒಳಗೆ ಯಾರೋ ಒಂದು ಬೆಣಚುಕಲ್ಲು, ಕೆಂಪು ಕಾಗದದ ಒಂದು ಪೆಪ್ಪರಮೆಂಟು ಇಟ್ಟು ಹೋಗಿದ್ದರು. ಪೆಪ್ಪರಮೆಂಟಿಗೆ ಇರುವೆ ಹತ್ತಿತ್ತು. ನಾನು ಸಾಲನ್ನು ಎಣಿಸುತ್ತಾ ಬಂದಿದ್ದೆ. ಇಪ್ಪತ್ಮೂರು, ಇಪ್ಪತ್ನಾಲ್ಕು ಅಂತ. ಆ ಮಗುವಿನ ಬೂಟಿನ ಹತ್ತಿರ ಬಂದಾಗ ಎಣಿಸುವುದನ್ನು ಬಿಟ್ಟೆ.

ಬಸ್ಸು ಹತ್ತುವಾಗ ದೀದಿ ತೀರಾ ಮೆಲ್ಲಗೆ ನಮ್ಮನ್ನು ಎಣಿಸಿದರು. ಹೋಶಿಯಾ, ಎತ್, ಅಮ್ಮೇಖಾ. 'ಕಾಪಾಡು ನಿನ್ನ ಜನರನ್ನು.' ಅಷ್ಟು ದಿನ ಅದು ಎಣಿಕೆಯ ಪದವಾಗಿತ್ತು. ಅವತ್ತು ಬೇಡಿಕೊಂಡ ಹಾಗೆ ಕೇಳಿಸಿತು.

ಮರುದಿನ ಸರ್ವಶ್ ಕಡೆ ಹೊರಟೆವು. ಬುಡಾಪೆಸ್ಟ್ ದಾಟಿದರೆ ನೆಲ ಚಪ್ಪಟೆ. ಗುಡ್ಡ ಇಲ್ಲ. ಎರಡೂ ಬದಿ ಸೂರ್ಯಕಾಂತಿ, ಗೋವಿನಜೋಳ, ಮತ್ತೆ ಸೂರ್ಯಕಾಂತಿ. ನವಲಗುಂದದ ಕಡೆ ಹೋಗುತ್ತಿದ್ದೇನೇನೋ ಅನಿಸಿತು, ಮಣ್ಣೂ ಕಪ್ಪು. ದಾರಿಯಲ್ಲಿ ಊಟಕ್ಕೆ ನಿಂತ ಕಡೆ ಎಲ್ಲದರ ಮೇಲೂ ಕೆಂಪು ಪುಡಿ. ಬಾಯಿಗೆ ಹಾಕಿದರೆ ಖಾರವೇ ಇಲ್ಲ, ಬಣ್ಣ ಮಾತ್ರ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ದೂರದ ನೆಂಟ. ಮುಂಬಯಿ ಹುಡುಗರಿಗೆ ಇದನ್ನು ವಿವರಿಸಿ ಹೇಳಿದೆ. ಅವರಿಗೆ ಬ್ಯಾಡಗಿ ಗೊತ್ತು, ಊರು ಗೊತ್ತಿರಲಿಲ್ಲ.

ಶಿಬಿರದ ದಿನಚರಿ ಎಲ್ಲ ಬರೆಯುವುದಿಲ್ಲ. ಆಟ, ಹಾಡು, ಈಜು, ಗದ್ದಲ. ಮುಂದಾಳತ್ವದ ಪಾಠದ ಎರಡನೇ ದಿನ ಮಾತ್ರ ಹೇಳಬೇಕು. ನಮಗೆಲ್ಲ ಒಂದೊಂದು ದೊಡ್ಡ ಹಾಳೆ ಕೊಟ್ಟರು. 'ನಿಮ್ಮ ಊರಲ್ಲಿ ನಿಮ್ಮ ವಯಸ್ಸಿನ ಯಹೂದಿ ಮಕ್ಕಳು ಎಷ್ಟು? ವಾಪಸ್ ಹೋದ ಮೇಲೆ ಅವರ ಜೊತೆ ಏನು ಮಾಡುತ್ತೀರಿ?' ಅಂತ ಬರೆಯಬೇಕಿತ್ತು. ಸುತ್ತ ಎಲ್ಲರೂ 300, 80, 40 ಅಂತ ಬರೆದರು. ನಾನು 2 ಅಂತ ಬರೆದೆ. ನಾನು, ನನ್ನ ತಮ್ಮ. ತಮ್ಮನಿಗೆ ಹನ್ನೊಂದು ವರ್ಷ. ಅವನ ಜೊತೆ ಏನು ಮಾಡುತ್ತೀ ಅಂತ ಯಾರೋ ಕೇಳಿದರು. ನಗಬೇಕು ಅಂತ ಕೇಳಿದ್ದಲ್ಲ, ಪಾಪ, ನಿಜವಾಗಿ ಕೇಳಿದರು. ಉತ್ತರ ಹೊಳೆಯಲಿಲ್ಲ. ಕಣ್ಣಲ್ಲಿ ನೀರು ಬಂತು.

ನನ್ನ ಪಕ್ಕ ಕೂತಿದ್ದ ಹುಡುಗಿ ಉಕ್ರೇನಿನ ಖಾರ್ಕಿವ್ ಊರಿನವಳು. 2022ರಲ್ಲಿ ಯುದ್ಧ ಶುರುವಾದ ಮೇಲೆ ಅಮ್ಮನ ಜೊತೆ ಊರು ಬಿಟ್ಟವಳು. ಅವಳು ಹಾಳೆಯ ಮೇಲೆ ಒಂದು ಸಂಖ್ಯೆ ಬರೆದು ಹೊಡೆದುಹಾಕಿದಳು. ಇನ್ನೊಂದು ಬರೆದು ಅದನ್ನೂ ಹೊಡೆದುಹಾಕಿದಳು. ಕೊನೆಗೆ ಅವಳ ಹಾಳೆ, ನನ್ನ ಹಾಳೆ ಎರಡನ್ನೂ ಮಡಚಿ ಒಂದರೊಳಗೊಂದು ಇಟ್ಟಳು. ಅವತ್ತಿನಿಂದ ನಾವಿಬ್ಬರೂ ಜೊತೆ.

ಅವಳು ನನ್ನನ್ನು ಒಮ್ಮೆ ಕೇಳಿದಳು: 'ನಿಮ್ಮ ಊರಲ್ಲಿ ಕೊರಳಿಗೆ ದಾವೀದನ ನಕ್ಷತ್ರ ಹಾಕಿಕೊಂಡು ಹೊರಗೆ ಓಡಾಡೋಕೆ ಭಯ ಆಗಲ್ವಾ?' ಭಯ ಇಲ್ಲ ಅಂದೆ. ಅದು ಯಹೂದಿಗಳ ಗುರುತು ಅಂತಲೇ ಯಾರಿಗೂ ಗೊತ್ತಿಲ್ಲ ಅಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, 'ಎರಡರಲ್ಲಿ ಯಾವುದು ಕಷ್ಟ?' ಅಂದಳು. ಇಬ್ಬರೂ ಸುಮ್ಮನಾದೆವು. ಇಂಡಿಯಾದಲ್ಲಿ ಏನೂ ಆಗಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. 2008ರ ನವೆಂಬರಿನಲ್ಲಿ ಉಗ್ರರು ದಾಳಿ ಮಾಡಿದಾಗ ಮುಂಬಯಿಯ ಯಹೂದಿ ಕೇಂದ್ರ ನರಿಮನ್ ಹೌಸಿನಲ್ಲಿ ಏನಾಯಿತು ಅಂತ ನಮ್ಮ ಮನೆಯಲ್ಲಿ ಮರೆತವರಿಲ್ಲ. ಆದರೆ ಶತಮಾನಗಟ್ಟಲೆ ಅಕ್ಕಪಕ್ಕದವರು ನಮ್ಮನ್ನು ನಮ್ಮ ಪಾಡಿಗೆ ಬಿಟ್ಟರು, ಶನಿವಾರ ಗಾಣ ನಿಲ್ಲಿಸಿದರೆ ಯಾಕೆ ಅಂತ ಜಗಳಕ್ಕೆ ಬರಲಿಲ್ಲ ಅನ್ನುವುದನ್ನು ಅಲ್ಲಿ ಹೇಳಿದರೆ ಯುರೋಪಿನ ಮಕ್ಕಳು ನಂಬಲಿಕ್ಕೇ ಕಷ್ಟಪಟ್ಟರು.

ಅವರಿಗೆ ನಾನು ದಿವೇಕರ್ ಕಥೆ ಹೇಳಿದೆ. ಸಾಮುಯೆಲ್ ದಿವೇಕರ್ ನಮ್ಮವರು, ಕಂಪನಿ ಸೈನ್ಯದಲ್ಲಿದ್ದರು. ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕೈಗೆ ಸೆರೆ ಸಿಕ್ಕರು. 'ನೀವು ಯಾರು?' ಅಂದಾಗ 'ಬೆನೆ ಇಸ್ರೇಲ್' ಅಂದರಂತೆ. ಆ ಹೆಸರು ಕುರಾನಿನಲ್ಲಿ ಇದೆ ಅಂತ ಟಿಪ್ಪುವಿನ ತಾಯಿ ಅವರ ಪರ ಮಾತಾಡಿ ಜೀವ ಉಳಿಸಿದರು ಅನ್ನುವುದು ನಮ್ಮ ಹಿರಿಯರ ಕಥೆ. ಬಿಡುಗಡೆಯಾಗಿ ಬಂದ ದಿವೇಕರ್ 1796ರಲ್ಲಿ ಮುಂಬಯಿಯಲ್ಲಿ ನಮ್ಮವರ ಮೊದಲ ಸಿನಗಾಗ್ ಕಟ್ಟಿದರು. ಅದು ಇವತ್ತಿಗೂ ಇದೆ. 'ಆ ಟಿಪ್ಪು ಇದ್ದದ್ದು ನನ್ನ ರಾಜ್ಯದಲ್ಲಿ' ಅಂತ ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು. ಕನ್ನಡನಾಡಿನ ನೆಲ ನಮ್ಮ ಕಥೆಯಲ್ಲೂ ಇದೆ ಅನ್ನುವುದು ನನಗೆ ಬಾಳ ದೊಡ್ಡದು.

ಪ್ರತಿ ತಂಡವೂ ತಮ್ಮ ಮನೆಯ ಒಂದು ಪದ್ಧತಿಯನ್ನು ಬೇರೆಯವರಿಗೆ ಕಲಿಸಬೇಕಿತ್ತು. ನಾವು ಮಲೀದಾ ಮಾಡಿದೆವು. ಏನಾದರೂ ಒಳ್ಳೇದಾದರೆ, ಹರಕೆ ತೀರಿದರೆ, ಮದುವೆ ನಿಕ್ಕಿಯಾದರೆ ನಾವು ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಲೀದಾ ಇಡುತ್ತೇವೆ. ಜಗತ್ತಿನಲ್ಲಿ ಬೇರೆ ಯಾವ ಯಹೂದಿಗಳಲ್ಲೂ ನಾನು ಇದನ್ನು ಕೇಳಿಲ್ಲ. ಅವಲಕ್ಕಿ ನಾನೇ ಹುಬ್ಬಳ್ಳಿಯಿಂದ ಒಯ್ದಿದ್ದೆ. ದುರ್ಗದ ಬೈಲಿನಲ್ಲಿ ಆಜಿ ಆರಿಸಿ ಕೊಡಿಸಿದ ಎರಡು ಕಿಲೋ ಗಟ್ಟಿ ಅವಲಕ್ಕಿ. ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಹೊಲಿದಿದ್ದರು. ಅಡುಗೆಮನೆಯಲ್ಲಿ ಕತ್ತರಿಯಿಂದ ಆ ಹೊಲಿಗೆ ಬಿಚ್ಚಿದಾಗ ಬಂದ ವಾಸನೆಗೆ ಒಂದು ಕ್ಷಣ ಕಾಲೇ ಸೋತಿತು.

ಅವಲಕ್ಕಿ ತೊಳೆದು, ನೀರು ಬಸಿದು, ಕೈಯಿಂದ ಬಿಡಿಬಿಡಿ ಮಾಡಬೇಕು. ಜಾಸ್ತಿ ನೆನೆದರೆ ಮುದ್ದೆ, ಕಡಿಮೆಯಾದರೆ ಹಲ್ಲಿಗೆ ಸಿಗುತ್ತದೆ. ಸಕ್ಕರೆ, ಏಲಕ್ಕಿ, ದ್ರಾಕ್ಷಿ, ಗೋಡಂಬಿ ಸಿಕ್ಕಿತು. ತೆಂಗಿನಕಾಯಿ ಸಿಗಲಿಲ್ಲ. ಪ್ಯಾಕೆಟ್ಟಿನ ಒಣ ಕೊಬ್ಬರಿ ತುರಿಗೆ ಬಿಸಿ ನೀರು ಚಿಮುಕಿಸಿ ಹಸಿಕಾಯಿಯ ಹಾಗೆ ಮಾಡಲು ನೋಡಿದೆ. ಅದು ಹಸಿಕಾಯಿ ಆಗಲಿಲ್ಲ. ತಟ್ಟೆಯ ಮೇಲೆ ಐದು ಬಗೆಯ ಹಣ್ಣು ಇಟ್ಟು, ಎಲಿಯಾಹುವಿನ ಹಾಡನ್ನು ನಮ್ಮ ಧಾಟಿಯಲ್ಲಿ ಹೇಳಿದೆವು. ಹೇಳುವಾಗ ದೀದಿಯ ದನಿ ಬಿಗಿಯಿತು. ಎಷ್ಟೋ ಮಕ್ಕಳು ಒಂದು ಚಮಚ ತಿಂದು ತಟ್ಟೆ ಕೆಳಗಿಟ್ಟರು, ಅವರಿಗೆ ರುಚಿಸಲಿಲ್ಲ. ಖಾರ್ಕಿವ್ ಹುಡುಗಿ ಮಾತ್ರ ಮೂರು ಸಲ ಹಾಕಿಸಿಕೊಂಡಳು. ಶನಿವಾರ ರಾತ್ರಿ ಶಬ್ಬಾತ್ ಕಳುಹಿಸಿಕೊಡುವ ಹವ್ದಲಾ ಹೊತ್ತಿನಲ್ಲಿ, ಹೆಣೆದ ಮೇಣದಬತ್ತಿ ಹಚ್ಚಿಕೊಂಡು ಅವರೆಲ್ಲ ಅದೇ ಎಲಿಯಾಹುವಿನ ಹಾಡು ಶುರು ಮಾಡಿದರು. ಪದ ಅವೇ, ಧಾಟಿ ಬೇರೆ. ಕೊರೊಶ್ ನದಿಯ ಹೊಯ್ಗೆಯಲ್ಲಿ ನಿಂತು ನಾವು ಒಂಬತ್ತು ಜನ ನಮ್ಮ ಧಾಟಿಯನ್ನು ಒಳಗೊಳಗೇ ಇಟ್ಟುಕೊಂಡು ಅವರ ಧಾಟಿಯಲ್ಲಿ ಹಾಡಿದೆವು.

ಆ ಶನಿವಾರದ ಬೆಳಿಗ್ಗೆಯದನ್ನೇ ಬರೆಯಬೇಕು ಅಂತ ಇಷ್ಟೆಲ್ಲ ಬರೆಯುತ್ತಾ ಬಂದೆ.

ಅಲ್ಲಿ ಬೆಳಗಿನ ಪ್ರಾರ್ಥನೆಗೆ ಬೇರೆ ಬೇರೆ ಗುಂಪು. ನಮ್ಮ ಮನೆಯ ಪದ್ಧತಿಯಲ್ಲಿ ಮಿನ್ಯಾನ್‌ಗೆ ಹತ್ತು ಗಂಡಸರು ಬೇಕು. ಹೆಂಗಸರು ಮಹಡಿಯಲ್ಲಿ ಕೂರುತ್ತಾರೆ, ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಕೆಲವು ಪಂಥಗಳಲ್ಲಿ ಹೆಂಗಸರನ್ನೂ ಎಣಿಸುತ್ತಾರೆ. ಅಂಥ ಒಂದು ಸಣ್ಣ ಗುಂಪು ಮರದ ಕೆಳಗೆ ಸೇರಿತ್ತು. ನನ್ನ ಗೆಳತಿ ಅಲ್ಲಿಗೆ ಹೊರಟಳು, ನಾನೂ ಹೋದೆ. ಸುಮ್ನೆ ಹಿಂದೆ ಬೆಂಚಿನ ಮೇಲೆ ಕೂತೆ. ಬಲ್ಗೇರಿಯಾದ ಒಬ್ಬ ಹುಡುಗ ಮುಂದೆ ನಿಂತಿದ್ದ. ಅವನ ತಂದೆ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕದ್ದಿಶ್ ಹೇಳಬೇಕಿತ್ತು.

ಪ್ರಾರ್ಥನೆ ನಡೆಸುತ್ತಿದ್ದ ಮದ್ರಿಖಾ ಎಣಿಸಲು ಶುರು ಮಾಡಿದಳು. ಹೋಶಿಯಾ, ಎತ್, ಅಮ್ಮೇಖಾ. ನನಗೆ ಈಗ ಆ ಸಾಲು ನೀರು ಕುಡಿದಷ್ಟು ಸಲೀಸು. ಅವಳ ಬೆರಳಿನ ಜೊತೆ ನಾನೂ ಒಳಗೇ ಹೇಳಿಕೊಳ್ಳುತ್ತಿದ್ದೆ. ಉವಾರೇಖ್, ಎತ್, ನಹಲಾತೇಖಾ. ಉರ್‌ಏಮ್, ವೆನಸ್ಸೆಏಮ್. ಒಂಬತ್ತನೆಯವಳು ನನ್ನ ಗೆಳತಿ. ಅದ್. ಅಲ್ಲಿಗೆ ನಿಲ್ಲುತ್ತದೆ ಅಂತ ನನ್ನ ಕಿವಿಗೆ ರೂಢಿಯಾಗಿತ್ತು. ಮದ್ರಿಖಾ ಕತ್ತೆತ್ತಿ ಹಿಂದೆ ಬೆಂಚಿನ ಕಡೆ ನೋಡಿದಳು. ನೇರ ನನ್ನ ಮುಖ ನೋಡಿ ಹೇಳಿದಳು: 'ಹಾಓಲಾಮ್.'

ಹತ್ತನೇ ಪದ. ಎಂದೆಂದು. ಇಷ್ಟು ದಿನ ಯಾರ ಪಾಲಿಗೂ ಬಾರದೆ ಉಳಿದಿದ್ದ ಪದ ನನ್ನ ತಲೆಯ ಮೇಲೆ ಬಂದು ಕೂತಿತು. ನಾನು ಎದ್ದು ಹೋಗಿದ್ದರೆ ಆ ಹುಡುಗ ಅವತ್ತು ಅಪ್ಪನ ಹೆಸರಲ್ಲಿ ಬಾಯಿ ತೆರೆಯುವ ಹಾಗಿರಲಿಲ್ಲ. ನಾನು ಎದ್ದು ನಿಂತೆ. ಅವನು ಕದ್ದಿಶ್ ಹೇಳಿದ. ನಡುವೆ ಎರಡು ಕಡೆ ತಡವರಿಸಿದ. ನಾವು 'ಆಮೆನ್' ಅಂದೆವು. ಮುಗಿದ ಮೇಲೆ ಅವನು ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದ. ನಮ್ಮಲ್ಲಿ ಪ್ರಾರ್ಥನೆ ಮುಗಿದ ಮೇಲೆ ಒಬ್ಬರ ಕೈಯನ್ನು ಇನ್ನೊಬ್ಬರು ಎರಡೂ ಅಂಗೈಗಳ ನಡುವೆ ತೆಗೆದುಕೊಂಡು, ಆಮೇಲೆ ತಮ್ಮ ಬೆರಳನ್ನು ತುಟಿಗೆ ಒತ್ತಿಕೊಳ್ಳುತ್ತೇವೆ. ಅವನಿಗೆ ಆ ಪದ್ಧತಿ ಗೊತ್ತಿರಲಿಲ್ಲ. ನಾನು ಕೈ ಚಾಚಿದೆ. ಅವನೂ ಚಾಚಿದ.

ಅಷ್ಟೂ ಹೊತ್ತು ನನ್ನ ಕಣ್ಣ ಮುಂದೆ ಇದ್ದದ್ದು ರಾತ್ರಿ ರೈಲಿನ ಕಿಟಕಿಯ ಪಕ್ಕ ಕೂತ ಆಜೋಬಾ.

ಹುಬ್ಬಳ್ಳಿಗೆ ಬಂದ ಮೇಲೆ ಎಲ್ಲ ಹೇಳಿದೆ, ಇದೊಂದನ್ನು ಬಿಟ್ಟು. ಬೂಟುಗಳ ಬಗ್ಗೆ ಹೇಳಿದೆ, ಸೂರ್ಯಕಾಂತಿಯ ಬಗ್ಗೆ ಹೇಳಿದೆ. ಒಣ ಕೊಬ್ಬರಿ ಕಥೆ ಕೇಳಿ ಆಜಿ ಬಾಳ ಬೇಜಾರು ಮಾಡಿಕೊಂಡರು. ತಮ್ಮನಿಗೆ ಹತ್ತು ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಕಲಿಸಿದೆ. ಅವನು ಮನೆಯವರನ್ನು ಎಣಿಸಿ ಆರನೇ ಪದಕ್ಕೆ ನಿಂತ. ನಹಲಾತೇಖಾ. 'ನಿನ್ನ ಸ್ವತ್ತು.' ಹಾಳೆಯ ಮೇಲೆ 2 ಅಂತ ಬರೆದಿದ್ದೆನಲ್ಲ, ಆ ಇಬ್ಬರಲ್ಲಿ ಒಬ್ಬನ ಜೊತೆ ಏನು ಮಾಡಬೇಕು ಅನ್ನುವುದಕ್ಕೆ ಸದ್ಯಕ್ಕೆ ಅದೇ ನನ್ನ ಉತ್ತರ. ಪ್ರತಿ ಶುಕ್ರವಾರ ಸಂಜೆ ಒಂದು ಗಂಟೆ ಅವನಿಗೆ ಓದಲು ಹೇಳಿಕೊಡುತ್ತೇನೆ. ಮೊದಲ ದಿನ ಓಡಿಹೋದ. ಈಗ ಕೂರುತ್ತಾನೆ.

ಎಣಿಸುವ ಮಾತು ಬಂದಾಗ ಆಜೋಬಾ ಒಂದು ವಿಷಯ ಹೇಳಿದರು. ಅವರು ಹೊಸದಾಗಿ ಹುಬ್ಬಳ್ಳಿಗೆ ಬಂದಾಗ ಪೇಟೆಯಲ್ಲಿ ಜೋಳ ಅಳೆಯುವವನು ಸೇರು ತುಂಬಿ ಸುರಿಯುತ್ತಾ 'ಒಂದು' ಅನ್ನದೆ 'ಲಾಭ' ಅನ್ನುತ್ತಿದ್ದನಂತೆ. ಲಾಭ, ಎರಡು, ಮೂರು. 'ಇವರೂ ನಮ್ಮ ಹಂಗ ಎಣಿಸಾಕ ಹೆದರತಾರಲ್ಲ ಅಂತ ಆವತ್ತ ಈ ಊರು ನಂದ ಅನಿಸ್ತು ನೋಡವಾ' ಅಂದರು. ಮನೆಯಲ್ಲಿ ಮರಾಠಿ ಆಡುವ ಆಜೋಬಾ ಈ ಮಾತನ್ನು ಮಾತ್ರ ಹುಬ್ಬಳ್ಳಿ ಕನ್ನಡದಲ್ಲೇ ಹೇಳಿದರು. ಅವರು ಪ್ರಯಾಣದಲ್ಲಿ ಚೀಲಗಳನ್ನು ಎಣಿಸುವಾಗಲೂ ಲಾಭ ಅಂತಲೇ ಶುರು ಮಾಡುತ್ತಾರೆ. ಮನುಷ್ಯರನ್ನು ಮಾತ್ರ ಎಣಿಸುವುದೇ ಇಲ್ಲ. ಸುಮ್ಮನೆ ಒಂದು ಸಲ ಕಣ್ಣಾಡಿಸುತ್ತಾರೆ.

ಸೆಪ್ಟೆಂಬರಿನಲ್ಲಿ ಅವರ ತಾಯಿಯ ವರ್ಷದ ದಿನ ಬಂತು. ಆರೂ ಜನ ಪುಣೆಯ ಸಿನಗಾಗ್‌ಗೆ ಹೋದೆವು. ವಾರದ ನಡುವಿನ ದಿನ. ಮೊದಲೇ ಫೋನು ಮಾಡಿ ಹೇಳಿಟ್ಟಿದ್ದರು. ಬೆಳಿಗ್ಗೆ ಕೆಳಗೆ ಒಂಬತ್ತು ಗಂಡಸರು ಸೇರಿದರು. ಬರಬೇಕಾಗಿದ್ದ ಒಬ್ಬ ಹಿರಿಯರಿಗೆ ಹುಷಾರಿಲ್ಲದೆ ಬರಲು ಆಗಲಿಲ್ಲ. ಮಹಡಿಯಲ್ಲಿ ಆಜಿ, ಆಯಿ, ನಾನು, ಇನ್ನಿಬ್ಬರು ಅಜ್ಜಿಯರು. ಕಟಕಟೆಯ ಸಂದಿಯಿಂದ ಆಜೋಬಾ ಬಾಗಿಲಿಗೆ ಹೋಗಿ ರಸ್ತೆ ನೋಡುವುದು, ಬಂದು ಕೂರುವುದು, ಮತ್ತೆ ಹೋಗುವುದು ಕಾಣುತ್ತಿತ್ತು. ಮುಕ್ಕಾಲು ಗಂಟೆ ಕಾದರು. ಆಮೇಲೆ ಹತ್ತು ಜನ ಬೇಕಾದ ಭಾಗಗಳನ್ನು ಬಿಟ್ಟು ಉಳಿದದ್ದನ್ನು ಓದಿದರು. ಕದ್ದಿಶ್ ಇರುವ ಪುಟವನ್ನು ಆಜೋಬಾ ತಿರುವಲಿಲ್ಲ, ಸ್ವಲ್ಪ ಹೊತ್ತು ತೆರೆದೇ ಹಿಡಿದುಕೊಂಡಿದ್ದರು. ಮೇಲೆ ಕೂತು ನಾನು ಒಂಬತ್ತು ಪದ ಎಣಿಸಿದೆ. ಹತ್ತನೆಯದನ್ನು ಹೇಳಿಕೊಂಡೆ. ಆಯಿ ತಿರುಗಿ ನನ್ನನ್ನು ನೋಡಿದಳು.

ರಾತ್ರಿ ರೈಲಿನಲ್ಲಿ ಎಲ್ಲರೂ ಮಲಗಿದ ಮೇಲೆ ಆಜೋಬಾ ಕಿಟಕಿ ಪಕ್ಕ ಕೂತೇ ಇದ್ದರು. ನಾನು ಎದುರು ಹೋಗಿ ಕೂತು ಸರ್ವಶ್‌ನ ಶನಿವಾರದ ಬೆಳಿಗ್ಗೆಯದನ್ನು ಹೇಳಿದೆ. ಹೇಳುವಾಗ ಕೈ ನಡುಗುತ್ತಿತ್ತು. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಬಾಳ ಹೊತ್ತು ಹೊರಗೆ ನೋಡಿದರು. ಒಂದು ಸ್ಟೇಷನ್ ದಾಟಿತು.

'ಆ ಹುಡುಗ ಕದ್ದಿಶ್ ಹೇಳಿದನಾ?' ಅಂದರು.

'ಹೇಳಿದ, ಆಜೋಬಾ.'

'ಪೂರ್ತಿ?'

'ಪೂರ್ತಿ.'

'ನಮ್ಮಲ್ಲಿ ಹಾಗಿಲ್ಲ, ಮಗೂ' ಅಂದರು. ನನಗೆ ಗೊತ್ತು ಅಂದೆ. ಮತ್ತೆ ಇಬ್ಬರೂ ಮಾತಾಡಲಿಲ್ಲ. ಅವರು ತಮ್ಮ ಶಾಲನ್ನು ತೆಗೆದು ನನ್ನ ಕಾಲ ಮೇಲೆ ಹೊದಿಸಿದರು.

ನಸುಕಿನಲ್ಲಿ ಹುಬ್ಬಳ್ಳಿ ಬಂತು. ಪ್ಲಾಟ್‌ಫಾರ್ಮಿನ ಮೇಲೆ ಚೀಲಗಳನ್ನು ಇಳಿಸಿ, ತಮ್ಮನನ್ನು ನಿದ್ದೆಗಣ್ಣಲ್ಲೇ ಎಳೆದುಕೊಂಡು ಎಲ್ಲರೂ ಒಂದು ಕಡೆ ನಿಂತೆವು. ರೈಲು ಹೊರಟಿತು. ಆಜೋಬಾ ಚೀಲಗಳ ಕಡೆ ನೋಡಲಿಲ್ಲ. ನಮ್ಮ ಕಡೆ ತಿರುಗಿದರು. ಬಾಬಾ ಅವರ ಪಕ್ಕದಲ್ಲೇ ಇದ್ದರು, ತಮ್ಮ ಮುಂದೆ ಇದ್ದ. ನಾನು ಕೊನೆಯಲ್ಲಿದ್ದೆ. ಅವರು ಬೆರಳೆತ್ತಿ ನನ್ನ ಕಡೆ ತೋರಿಸಿದರು.

'ಲಾಭ' ಅಂದರು.